ಎರಡು ಬೆರಳಿನಷ್ಟು

ಕೆಮ್ಮಿನ ಗುಳಿಗೆಯ ಹಳೇ ತಗಡಿನ ಡಬ್ಬಿಯಲ್ಲಿ
ನಾಲ್ಕು ಕಾರ್ಡು.
ಒಂದೊಂದರ ನೆತ್ತಿಗೂ ಕಾಗದದ ಅಂಟುಪಟ್ಟಿ,
ಪಟ್ಟಿಯ ಮೇಲೆ ಮಾರ್ಲಿಸಳ ದುಂಡಕ್ಷರ:
ದಿನಸಿ. ಪೆಟ್ರೋಲು. ಔಷಧಿ.
ನಾಲ್ಕನೆಯದರ ಮೇಲೆ ‘ಮುಟ್ಟಬೇಡ ರೇನೊ’.
ರೇನೊ ಅಂದರೆ ನಾನು.

ಡುಲೂತಿನಲ್ಲಿ ಜನವರಿ ಅಂದರೆ
ಸರೋವರ ಹಡಗುಗಳನ್ನು ಆಚೆ ಕಳಿಸಿ
ಅಗುಳಿ ಹಾಕಿಕೊಳ್ಳುವ ತಿಂಗಳು.
ನಮ್ಮ ಮನೆಯಲ್ಲಿ ಮಾತ್ರ ಸುಗ್ಗಿ:
ಮೂರು ತಿಂಗಳು ದಿನಸಿಗೆ ನೂರಕ್ಕೆ ಐದು ವಾಪಸು.
ಹಾರ್ಡ್‌ವೇರ್ ಅಂಗಡಿ ಕೊಟ್ಟ ಕ್ಯಾಲೆಂಡರಿನಲ್ಲಿ
ಮಾರ್ಚ್ ಮೂವತ್ತೊಂದಕ್ಕೆ ಕೆಂಪು ಬಳೆ ತೊಡಿಸಿದ್ದಾಳೆ.
ಅದರಾಚೆ ಐದು ಪೆಟ್ರೋಲಿಗೆ ಹಾರುತ್ತದೆ,
ದಿನಸಿಗೆ ಉಳಿಯುವುದು ಎರಡೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವುದು ಲೋಕದ ಮಾತು.
ಇವಳು ಕಾಲು ಮಡಿಸುವವಳಲ್ಲ,
ಹಾಸಿಗೆಯ ತುದಿ ಹಿಡಿದು ಎಳೆಯುವವಳು,
ತಿಂಗಳಿಗೆ ಎರಡು ಬೆರಳಿನಷ್ಟು.

ಎಳೆಯಲೇಬೇಕು. ನನ್ನದು ಅದಿರು ಕಟ್ಟೆಯ ಪಿಂಚಣಿ,
ಮಗಳಿಗೆ ಆಸ್ಪತ್ರೆಯ ರಾತ್ರಿಪಾಳಿ,
ಮೊಮ್ಮಗ ಆನ್ಸೆಲ್ ನಮ್ಮಲ್ಲೇ. ವಯಸ್ಸು ಹದಿನಾಲ್ಕು.
ಹುಡುಗ ಫ್ರಿಜ್ಜಿನ ಬಾಗಿಲು ತೆಗೆದು ನಿಂತರೆ
ಏನೋ ಯೋಚಿಸುತ್ತಿದ್ದಾನೆ ಅಂದುಕೊಳ್ಳುತ್ತೇವೆ.
ಮುಚ್ಚುವಾಗ ಅರ್ಧ ಗ್ಯಾಲನ್ ಹಾಲು ಇರುವುದಿಲ್ಲ.
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.
ಆ ಅರೆಕಾಸೂ ಎಲ್ಲಿಂದಲೋ ಬರಬೇಕಲ್ಲ.

ಶನಿವಾರ ಅಂಗಡಿ.
ಮೊಟ್ಟೆಯ ಬೆಲೆಯ ಮುಂದೆ
ಸಾವಿನ ಮನೆಯಲ್ಲಿ ನಿಂತ ಹಾಗೆ ಒಂದು ಗಳಿಗೆ.
ಆಮೇಲೆ ಓಟ್ಸು, ಡಬ್ಬಿಯ ಟೊಮೇಟೊ, ಎರಡು ಕಟ್ಟು ಬೆಣ್ಣೆ,
ಹತ್ತು ಪೌಂಡು ಆಲೂಗಡ್ಡೆ, ಅದೂ
ಮೇಲಿನ ಚೀಲ ಎತ್ತಿಟ್ಟು ಅದರಡಿಯದು.
ಗಲ್ಲಾದ ಹುಡುಗಿ ಡೆನೆಲ್ ಕೇಳುತ್ತಾಳೆ, ‘ಇವತ್ತು ಯಾವುದು?’
ಡಬ್ಬಿ ಟಕ್ ಅಂತ ತೆರೆಯುತ್ತದೆ.
ಸಾಲಿನಲ್ಲಿ ಯಾರೋ ನಿಟ್ಟುಸಿರು ಬಿಡುತ್ತಾರೆ.
ನಾನು ಚ್ಯೂಯಿಂಗ್ ಗಮ್ಮಿನ ಹೆಸರುಗಳನ್ನು ಓದುತ್ತೇನೆ.

ಅವಳದು ಒಂದೇ ಶಾಸ್ತ್ರ:
ಬಿಲ್ಲು ಬಂದ ವಾರದಲ್ಲೇ ಪೂರ್ತಿ ಚುಕ್ತಾ.
ಕಂಪ್ಯೂಟರನ್ನು ನಂಬಳು. ಚೆಕ್ಕು, ಲಕೋಟೆ, ಅಂಚೆಚೀಟಿ.
‘ಬೋನಿನೊಳಗಿನ ಚೀಸು ತಿನ್ನಬಹುದು, ರೇನೊ,
ಬಾಲ ಮಾತ್ರ ಆಚೆಗಿರಬೇಕು.’

ಫೆಬ್ರವರಿಯಲ್ಲಿ ಲಕೋಟೆ ನನ್ನ ಕೈಗೆ ಕೊಟ್ಟಳು.
ಅಂಚೆಪೆಟ್ಟಿಗೆ ದಾರಿಯಲ್ಲೇ ಇದೆ.
ಇತ್ತು. ದಾರಿಯಲ್ಲೇ ಇತ್ತು.
ಮೂರು ವಾರದ ಮೇಲೆ
ಮಂಜುಗಡ್ಡೆಗೆ ತೂತು ಕೊರೆದು ಮೀನಿಗೆ ಕಾಯುತ್ತ ಕೂತವನು
ಚಾಕುವಿಗೆಂದು ಉಣ್ಣೆ ಕೋಟಿನ ಒಳಜೇಬಿಗೆ ಕೈ ಹಾಕಿದರೆ
ಅಂಚೆಚೀಟಿಯ ಹಕ್ಕಿ
ನನ್ನನ್ನೇ ನೋಡುತ್ತಿದೆ.

ತಡವಾದ ದಂಡ ಇಪ್ಪತ್ತೊಂಬತ್ತು, ಬಡ್ಡಿ ಹನ್ನೊಂದು ಚಿಲ್ಲರೆ.
ನೂರಕ್ಕೆ ಎರಡರಂತೆ ಹೆಕ್ಕಿ ಹೆಕ್ಕಿ ಕೂಡಿಟ್ಟ
ನಾಲ್ಕು ತಿಂಗಳ ಬೇಸಗೆಯನ್ನು
ಒಂದು ಹಾಳೆ ನುಂಗಿತ್ತು.
ಅವಳು ಅಂಚೆಯವರನ್ನು ಬೈದಳು, ಅವರ ಲಾರಿಯನ್ನು,
ಹಿಮವನ್ನು, ಹಿಮ ಗುಡಿಸುವವರನ್ನು.
ನಾನು ಬಟಾಣಿ ಸೂಪಿನಲ್ಲಿ
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಸೌಟಾಡಿಸಿದೆ.

ಮರುದಿನ ಫೋನು. ನಲವತ್ತು ನಿಮಿಷ ಬರೀ ಸಂಗೀತ.
‘ಹನ್ನೊಂದು ವರ್ಷದಲ್ಲಿ ಒಂದು ದಿನ ತಡಮಾಡಿದ್ದೇನಾ
ನೋಡಿ ಹೇಳು, ಮಗೂ.’
ಆ ಕಡೆ ಯಾವ ಊರಿನ ಹುಡುಗನೋ, ನೋಡಿದ.
ದಂಡ ಬಿಟ್ಟ. ಬಡ್ಡಿ ಬಿಡುವುದು ಅವನ ಕೈಲಿರಲಿಲ್ಲ.
‘ನಿಮ್ಮಮ್ಮನ ಹೊಟ್ಟೆ ತಣ್ಣಗಿರಲಿ’ ಅಂದು ಫೋನಿಟ್ಟಳು,
ಲೋಟ ತೊಳೆದಳು, ಒರೆಸಿದಳು,
ನನ್ನ ಕಡೆ ನೋಡದೆ
‘ಆ ಕೋಟು ಇಲ್ಲಿ ಕೊಡು’ ಅಂದಳು.

ಇನ್ನೇನೂ ಅನ್ನಲಿಲ್ಲ.
ಯಾವತ್ತು ತಿಳಿಯಿತೋ, ನಾನೂ ಕೇಳಲಿಲ್ಲ.
ಆ ಶನಿವಾರ ಬೆಣ್ಣೆ ಒಂದೇ ಕಟ್ಟು.
ಆನ್ಸೆಲ್ ತುಂಡು ಬ್ರೆಡ್ಡಿನ ಅಂಚಿನವರೆಗೂ
ತೆಳ್ಳಗೆ ಸವರಿ ಸವರಿ ತಿಂದ,
ಅಜ್ಜಿಯದೇ ಕೈ.

ಕೋಟು ಮೊಳೆಗೆ ಮರಳಿದೆ.
ಒಳಜೇಬಿನ ಬಾಯಿಗೆ ಈಗ ಒಂದು ಕಾಗದದ ಪಟ್ಟಿ,
ದುಂಡಕ್ಷರ:
ಕೈಗವಸು ಮಾತ್ರ.